ನೆಗ್ರೋನಿ ಕಾಕ್‌ಟೇಲ್ ಕೆಮ್ಮಿನ ಔಷಧಿಯ ಹಾಗೆ ಆಗುತ್ತಿದೆ, ಎಲ್ಲಿ ತಪ್ಪು?

ಪ್ರಶ್ನೆ:
ಜಿನ್, ಕಂಪಾರಿ (ಕೆಂಪು ಬಣ್ಣದ ಕಹಿ ಮದ್ಯ), ಸಿಹಿ ವರ್ಮೂತ್ ಮೂರನ್ನೂ 30 ಮಿ.ಲೀ. ಅಳೆದೇ ಹಾಕುತ್ತೇನೆ. ಐಸ್ ಹಾಕಿ ಕಲಕಿ, ಒಂದು ಕಿತ್ತಳೆ ಹೋಳು ಬಿಡುತ್ತೇನೆ. ಬಣ್ಣವೇನೋ ಚೆನ್ನಾಗಿದೆ. ಗುಟುಕು ನುಂಗಿದ ಮೇಲೆ ಹಳಸಿದ ಹುಳಿಯೊಂದು ನಾಲಿಗೆ ಮೇಲೆ ಉಳಿಯುತ್ತದೆ. ಕಹಿ ಇರಲಿ, ಅದಕ್ಕೇ ಅಲ್ವಾ ಕುಡಿಯೋದು! ನಿನ್ನೆ ಕಂಪಾರಿಯನ್ನು 20ಕ್ಕೆ ಇಳಿಸಿದೆ. ಸಪ್ಪೆಯಾಯ್ತೇ ಹೊರತು ಹುಳಿ ಹೋಗಲಿಲ್ಲ. ಜಿನ್ ಬದಲಿಸಬೇಕಾ?

ಉತ್ತರ 1:
ಜಿನ್ ಪಾಡಿಗೆ ಜಿನ್ ಇರಲಿ ಬಿಡಿ. ವರ್ಮೂತ್ ಬಾಟಲಿ ತೆರೆದು ಎಷ್ಟು ದಿನ ಆಯ್ತು? ಎಲ್ಲಿಟ್ಟಿದ್ದೀರಿ?

ಪ್ರಶ್ನೆ ಕೇಳಿದವರು:
ಐದು ತಿಂಗಳಾಗಿರಬಹುದು. ಕಪಾಟಿನಲ್ಲಿ, ಕಂಪಾರಿ ಪಕ್ಕದಲ್ಲೇ.

ಉತ್ತರ 1:
ಕಳ್ಳ ಸಿಕ್ಕಿದ. ವರ್ಮೂತ್ ಅಂದರೆ ಗಿಡಮೂಲಿಕೆ ಹಾಕಿ, ಸ್ವಲ್ಪ ಸ್ಪಿರಿಟ್ ಸೇರಿಸಿದ ವೈನ್. ಗಾಳಿ ತಾಗಿದರೆ ಕೆಡುತ್ತದೆ. ಕಂಪಾರಿಯಲ್ಲಿ ಆಲ್ಕೋಹಾಲೂ ಸಕ್ಕರೆಯೂ ಜಾಸ್ತಿ, ಅದು ಹೊರಗಿದ್ದರೂ ತಡೆದುಕೊಳ್ಳುತ್ತದೆ. ನಾನೂ ಎರಡನ್ನೂ ಒಂದೇ ಸಾಲಿನಲ್ಲಿಟ್ಟು, ವರ್ಷವಿಡೀ ಪಾಪದ ಕಂಪಾರಿಯನ್ನು ಬೈದವನೇ.

ಒಂದು ಚಮಚ ವರ್ಮೂತ್ ಸುಮ್ನೆ ಹಾಗೇ ಕುಡಿದು ನೋಡಿ. ಒಣದ್ರಾಕ್ಷಿ ನೆನಪಾದರೆ ಸರಿ, ವಿನೆಗರ್ ನೆನಪಾದರೆ ಚೆಲ್ಲಿ. ಮುಂದಿನ ಸಲ ಚಿಕ್ಕ ಬಾಟಲಿ ತನ್ನಿ. ತೆರೆದ ದಿನಾಂಕ ಅದರ ಮೇಲೇ ಬರೆದು ಫ್ರಿಜ್‌ನಲ್ಲಿಡಿ. ಒಂದೆರಡು ತಿಂಗಳಲ್ಲಿ ಮುಗಿಸಿಬಿಡಿ.

ಉತ್ತರ 2:
ಮೇಲಿನದಕ್ಕೆ ನನ್ನದೂ ಒಂದು ಓಟು. ಜೊತೆಗೆ ಹೋಳಿನ ಬದಲು ಸಿಪ್ಪೆ ಹಾಕಿ ನೋಡಿ. ಪೀಲರ್‌ನಿಂದ ಎರಡು ಬೆರಳಗಲ ತೆಗೆಯಿರಿ, ಒಳಗಿನ ಬಿಳಿ ಪದರ ಬರಬಾರದು. ಬಣ್ಣದ ಮೈ ಲೋಟಕ್ಕೆ ಮುಖ ಮಾಡಿರಲಿ, ಹಾಗೇ ಮಡಚಿ ಅದುಮಿ. ಎಣ್ಣೆ ಸಣ್ಣಗೆ ಚಿಮ್ಮುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಕುಡಿಯುವ ಮೊದಲೇ ಘಮ ಮೂಗಿಗೆ ಬಂದರೆ ಅರ್ಧ ಕಹಿ ಅಲ್ಲೇ ಕರಗಿತು ಅಂತ ನನ್ನ ಲೆಕ್ಕ. ಐಸ್ ದೊಡ್ಡ ತುಂಡಾಗಿರಲಿ, ಪುಡಿ ಐಸ್ ಬೇಗ ನೀರಾಗುತ್ತದೆ.

ಉತ್ತರ 3:
ಊಟಕ್ಕೆ ಮುಂಚೆ ಇಷ್ಟು ಸ್ಟ್ರಾಂಗ್ ಯಾಕೆ? ಜಿನ್ ಬಿಟ್ಟು ಸೋಡಾ ಹಾಕಿ. ಅಮೆರಿಕಾನೋ ಆಯ್ತು, ಕಾಫಿ ಅಲ್ಲ, ಅದೇ ಹೆಸರಿನ ಕಾಕ್‌ಟೇಲ್.

ಪ್ರಶ್ನೆ ಕೇಳಿದವರು:
ಚಮಚ ಬಾಯಿಗಿಟ್ಟೆ. ವಿನೆಗರ್ರೇ! ಬಾಟಲಿ ಸಿಂಕ್‌ಗೆ ಖಾಲಿಯಾಯ್ತು. ಸದ್ಯಕ್ಕೆ ಬರೀ ಕಂಪಾರಿ, ಸೋಡಾ, ಮೇಲೊಂದು ಸಿಪ್ಪೆ. ಎಣ್ಣೆ ಚಿಮ್ಮಿದ್ದು ಕನ್ನಡಕದ ಮೇಲೆ.