ಆಲೆಮನೆಯಲ್ಲಿ ಹುಡುಗನ ಬೆರಳು ಹೋಯಿತು, ಬಾಂಡ್ ಪೇಪರ್ ಬರೆಸಿಕೊಂಡರೆ ಸಾಕಾ?

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಏಳು ಜನ ಕೆಲಸಕ್ಕಿದ್ದಾರೆ, ಐದು ಜನ ಉತ್ತರ ಪ್ರದೇಶದವರು. ಹೋದ ವಾರ ಗಾಣಕ್ಕೆ ಕಬ್ಬು ಕೊಡುವಾಗ ಒಬ್ಬನ ಬಲಗೈಯ ಎರಡು ಬೆರಳು ರೋಲರಿಗೆ ಸಿಕ್ಕಿ ಹೋದವು. ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆ, ಬಿಲ್ ನಾನೇ ಕಟ್ಟಿದೆ. ಇನ್ಶೂರೆನ್ಸ್ ಇಲ್ಲ. ಪಕ್ಕದ ಆಲೆಮನೆಯವರು, 50 ಸಾವಿರ ಕೊಟ್ಟು ಬಾಂಡ್ ಪೇಪರಿಗೆ ಸೈನ್ ಹಾಕಿಸಿಕೊಂಡು ಊರಿಗೆ ಕಳಿಸಿಬಿಡು ಅಂತಾರೆ. ಅನುಭವ ಇದ್ದವರು ಹೇಳಿ.

ಹೆಬ್ಬಾಳದ ಪ್ರೆಸ್ ಶಾಪಿನವರು:

ಅಣ್ಣ, ಆ ಬಾಂಡ್ ಪೇಪರ್ ಕೆಲಸ ಮಾತ್ರ ಮಾಡಬೇಡಿ. ನಾನು ಮಾಡಿ ಕೆಟ್ಟವನು. 2021ರಲ್ಲಿ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಶಾಪಿನಲ್ಲಿ ಎಂಟೇ ಜನ, ಹತ್ತು ಆಗಿಲ್ಲ ಅಂತ ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ) ಇರಲಿಲ್ಲ. ಪವರ್ ಪ್ರೆಸ್ಸಿನಲ್ಲಿ ಒಬ್ಬನ ಬೆರಳು ಹೋಯಿತು. 40 ಸಾವಿರ ಕೊಟ್ಟೆ, ಇನ್ನು ಮುಂದೆ ಏನೂ ಕೇಳುವುದಿಲ್ಲ ಅಂತ ಬರೆಸಿಕೊಂಡೆ, ಇಬ್ಬರು ಸಾಕ್ಷಿ ಬೇರೆ. ಒಂದೂವರೆ ವರ್ಷ ಆದ ಮೇಲೆ ನೋಟಿಸ್ ಬಂತು. ನಮ್ಮ ವಕೀಲರು ಪೇಪರ್ ನೋಡಿ ನಕ್ಕುಬಿಟ್ಟರು. 1923ರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೆಲಸಗಾರ ಹಕ್ಕು ಬಿಟ್ಟೆ ಅಂತ ಬರೆದುಕೊಟ್ಟರೂ ಅದಕ್ಕೆ ಬೆಲೆ ಇಲ್ಲವಂತೆ. ರಾಜಿ ಮಾಡಿಕೊಳ್ಳಬಹುದು, ಆದರೆ ಆ ಒಪ್ಪಂದವನ್ನ ಕಾರ್ಮಿಕರ ಪರಿಹಾರದ ಕೇಸ್ ನೋಡುವ ಕಮಿಷನರ್ ಮುಂದೆ ರಿಜಿಸ್ಟರ್ ಮಾಡಿಸಬೇಕು. ಹಣ ಕಮ್ಮಿ ಅನ್ನಿಸಿದರೆ ಅವರು ಒಪ್ಪುವುದಿಲ್ಲ.

ಕೈ ಸಿಗದಂತೆ ಪ್ರೆಸ್ಸಿಗೆ ಹಾಕುವ ಗಾರ್ಡ್ ಅವನೇ ಬೇಕಂತ ತೆಗೆದ ಅಂತ ವಾದ ಮಾಡೋಣ್ವಾ ಅಂತ ವಕೀಲರು ಕೇಳಿದರು. ತೆಗೆಸಿದ್ದು ನಾನೇ ಸ್ವಾಮಿ, ಗಂಟೆಗೆ ನಾಲ್ಕು ಪೀಸ್ ಜಾಸ್ತಿ ಬರಲಿ ಅಂತ. ಆ ಗಾರ್ಡ್ ಆಗಲೂ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿತ್ತು. ಸುಮ್ನೆ ಇದ್ದೆ.

ಲೆಕ್ಕ ಹೇಳ್ತೀನಿ ನೋಡಿ. ತಿಂಗಳ ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವುದು ಜಾಸ್ತಿ ಅಂದರೆ 15,000. ಅದರ 60% ಅಂದರೆ 9,000. ಅದನ್ನ ವಯಸ್ಸಿನ ಫ್ಯಾಕ್ಟರಿನಿಂದ ಗುಣಿಸಬೇಕು, 40 ವರ್ಷದವನಿಗೆ 184.17. ಅಲ್ಲಿಗೆ 16,57,530 ಆಯಿತು. ಒಂದೇ ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಶೆಡ್ಯೂಲಿನಲ್ಲಿ (ಯಾವ ಏಟಿಗೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವ ಪಟ್ಟಿ) 20%, ಹೆಬ್ಬೆರಳು ಒಂದೇ ಹೋದರೆ 30%. ಇಪ್ಪತ್ತು ಅಂತ ಹಿಡಿದರೆ 3,31,506. ವಯಸ್ಸು ಕಮ್ಮಿ ಇದ್ದರೆ ಫ್ಯಾಕ್ಟರ್ ಜಾಸ್ತಿ. ಆಸ್ಪತ್ರೆ ಖರ್ಚು ಇದರಲ್ಲಿ ಸೇರಲ್ಲ, ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಮೇಲೆ 50%ವರೆಗೂ ದಂಡ. ನಾನು ಮೊದಲು ಕೊಟ್ಟ 40 ಸಾವಿರಕ್ಕೆ ಬ್ಯಾಂಕ್ ದಾಖಲೆ ಇರಲಿಲ್ಲ, ಕ್ಯಾಶ್ ಕೊಟ್ಟಿದ್ದೆ. ಅದು ಹೋಯಿತು ಅಂತಲೇ ಲೆಕ್ಕ.

ನಂಜನಗೂಡಿನ ಪ್ಯಾಕಿಂಗ್ ಯೂನಿಟ್ಟಿನವರು:

ನಮ್ಮಲ್ಲಿ 22 ಜನ, ಹಾಗಾಗಿ ಇಎಸ್‌ಐ. ಸಂಬಳ 21,000 ದಾಟದವರಿಗೆ ನಮ್ಮ ಕಡೆಯಿಂದ 3.25%, ಅವರದು 0.75%. ಏಟಾದರೆ ಬೇಗ ಆಕ್ಸಿಡೆಂಟ್ ರಿಪೋರ್ಟ್ ಹಾಕಬೇಕು, ಆಮೇಲೆ ರಜೆಯ ದಿನಗಳಿಗೆ ಸಂಬಳದ 90% ಅವರೇ ಕೊಡ್ತಾರೆ, ನಮ್ಮ ಮೇಲೆ ಪರಿಹಾರದ ಕೇಸ್ ಬರುವುದಿಲ್ಲ. ಆದರೆ ಸೇರಿದ ದಿನವೇ ಹೆಸರು ನೋಂದಾಯಿಸಿ. ಹದಿನೈದು ದಿನ ನೋಡಿ ಆಮೇಲೆ ಮಾಡೋಣ ಅಂದುಕೊಂಡವನಿಗೇ ಏಟಾಗೋದು, ಅದೇನೋ ಗೊತ್ತಿಲ್ಲ. ನಿಮ್ಮ ಆಲೆಮನೆಗೆ ಇದು ಬರಲ್ಲ. ಬೆಲ್ಲ ಮಾಡುವ ಜಾಗವನ್ನ ಸೀಸನಲ್ ಕಾರ್ಖಾನೆ ಅಂತ ಹೊರಗಿಟ್ಟಿದ್ದಾರೆ. ಅದಕ್ಕೇ ನಿಮಗೆ ಪಾಲಿಸಿ ಬೇಕೇ ಬೇಕು. ಮುಂದಿನ ಆಲೆ ಶುರುವಾಗುವ ಮೊದಲೇ ಮಾಡಿಸಿ, ಇದ್ದಷ್ಟೂ ಜನರ ಲೆಕ್ಕ ಕೊಟ್ಟು. ಪ್ರೀಮಿಯಂ ಉಳಿಸಲು ಮೂರು ಜನ ಅಂತ ಬರೆಸಿದರೆ ನಾಲ್ಕನೆಯವನಿಗೆ ಏಟಾದಾಗ ಬಾಯಿ ಬಿಡಬೇಕಾಗುತ್ತೆ.

ಮಂಡ್ಯದ ಕಟ್ಟಡ ಕಂಟ್ರಾಕ್ಟರ್:

ಎರಡೇ ಮಾತು. ಸಾವಾದರೆ ಪರಿಹಾರವನ್ನ ಮನೆಯವರ ಕೈಗೆ ನೇರ ಕೊಡಬೇಡಿ, ಕಮಿಷನರ್ ಹತ್ತಿರವೇ ಕಟ್ಟಬೇಕು. ಸಾವಿಗೂ ದೊಡ್ಡ ಏಟಿಗೂ ಏಳು ದಿನದೊಳಗೆ ವರದಿ ಕೊಡಬೇಕು. ಆಮೇಲೆ, ಕುಡಿದಿದ್ದ ಅಂತ ಎಲ್ಲರೂ ಹೇಳ್ತಾರೆ. ಸಾವಾದಾಗ, ಪೂರ್ತಿ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದಾಗ ಆ ವಾದ ನಡೆಯಲ್ಲ.

ಹಾಂ, 1923ರ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, 2025ರ ನವೆಂಬರ್ 21ರಿಂದ ಜಾರಿ. ಪರಿಹಾರದ ಲೆಕ್ಕಕ್ಕೆ ಸಾವಾದರೆ ಸಂಬಳದ 50%, ಪೂರ್ತಿ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ 60%, ಇವು ಹಾಗೇ ಇವೆ. ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಆದ ಅಪಘಾತವೂ ಸೇರುತ್ತೆ. ಹಳೇ ಪುಸ್ತಕ ನೋಡಿ ಹೇಳುವವರ ಮಾತು ಕೇಳುವಾಗ ಹುಷಾರು.

ಪಾಂಡವಪುರದವರು:

ಎಲ್ಲರಿಗೂ ಥ್ಯಾಂಕ್ಸ್. ಒಂದು ಕೇಳೋದು ಮರೆತೆ. ಸೀಸನ್‌ಗೆ ಮುಂಚೆ ಅವನಿಗೆ 30 ಸಾವಿರ ಮುಂಗಡ ಕೊಟ್ಟಿದ್ದೆ. ಅದನ್ನ ಪರಿಹಾರದಲ್ಲಿ ಮುರಿದುಕೊಳ್ಳಬಹುದಾ?

ಹೆಬ್ಬಾಳದ ಪ್ರೆಸ್ ಶಾಪಿನವರು:

ಆಗಲ್ಲ. ಪರಿಹಾರದ ಹಣದಲ್ಲಿ ಯಾವ ಸಾಲವನ್ನೂ ಮುರಿದುಕೊಳ್ಳುವ ಹಾಗಿಲ್ಲ. ಮುಂಗಡ ಬೇರೆ, ಇದು ಬೇರೆ. ನಾಳೆಯೇ ಒಬ್ಬ ಲೇಬರ್ ವಕೀಲರನ್ನ ನೋಡಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅವನ ಆಧಾರ್, ಗಾಣದ ಫೋಟೋ ತೆಗೆದುಕೊಂಡು ಹೋಗಿ. ಹುಡುಗ ಊರಿಗೆ ಹೋಗುವ ಮೊದಲು ಅವನ ಬ್ಯಾಂಕ್ ಖಾತೆ ನಂಬರ್ ಈಸಿಕೊಳ್ಳಿ, ಮೇಸ್ತ್ರಿ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.