ಸಹಾಯ ಬೇಕು: ವರ್ಷದ ಜೋಳ ಒಮ್ಮೆಗೇ ತಗೊಳ್ಳಲಾ?

ನಮಸ್ಕಾರ ಅಕ್ಕಂದಿರೇ, ಅಣ್ಣಂದಿರೇ. ನಾವು ರಾಯಚೂರಿನವರು. ಮನೆಯಲ್ಲಿ ಐದು ಜನ, ಎರಡು ಹೊತ್ತೂ ರೊಟ್ಟಿ ಆಗಲೇಬೇಕು. ಯಜಮಾನರದು ಹತ್ತಿ ಮಿಲ್ಲಿನ ಕೆಲಸ. ಸೀಸನ್ ಮುಗಿದರೆ ಕೈ ಬಿಗಿ.

ಈಗ ಹಿಂಗಾರಿ ಬಿಳಿಜೋಳದ ರಾಶಿ ನಡೆದಿದೆ. ವರ್ಷಕ್ಕೆ ಆಗುವಷ್ಟು ಈಗಲೇ ತಂದಿಡೋಣ ಅಂತ ಆಸೆ. ಗೃಹಲಕ್ಷ್ಮಿಯ 2000 ರೂಪಾಯಿ ಎರಡು ಕಂತು ಮುಟ್ಟದೆ ಇಟ್ಟಿದ್ದೇನೆ. ಆದರೆ ಹೆದರಿಕೆ. ಹೋದ ವರ್ಷ ಒಂದು ಚೀಲ ತಂದು ಬೇವಿನ ಎಲೆ ಹಾಕಿ ಕಟ್ಟಿಟ್ಟಿದ್ದೆ. ಶ್ರಾವಣದಲ್ಲಿ ಬಾಯಿ ಬಿಚ್ಚಿ ಕೈ ಹಾಕಿದರೆ ಕಾಳು ಬೆಚ್ಚಗಿತ್ತು, ಅಂಗೈಗೆಲ್ಲ ಹಿಟ್ಟು ಅಂಟಿತು. ನುಸಿ! ಅರ್ಧ ಚೀಲ ಕೋಳಿಗಳ ಪಾಲಾಯಿತು. ಎಲೆ ಹಸಿ ಇತ್ತು, ಕಾಳೂ ಸರಿಯಾಗಿ ಒಣಗಿರಲಿಲ್ಲ ಅನಿಸುತ್ತದೆ. ಎಷ್ಟು ದಿನ ಬಿಸಿಲಿಗೆ ಹಾಕಬೇಕು? ಚೀಲ ಒಳ್ಳೇದೋ, ತಗಡಿನ ಡಬ್ಬಿಯೋ? ಮಕ್ಕಳು ತಿನ್ನೋ ಕಾಳಿಗೆ ನುಸಿ ಸಾಯಿಸೋ ಗುಳಿಗೆ ಇಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಕರೆಂಟಿನದು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ವಾ. ಹೋದ ಮೇ ತಿಂಗಳಲ್ಲಿ ಕೂಲರ್‌ನಿಂದ ಹಾಗೇ ಆಯಿತು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಸಣ್ಣ ಮಗು ಇರುವಾಗ ಕೂಲರ್ ಬಂದ್ ಮಾಡೋಕಾಗಲ್ಲ. ಮಾಳಿಗೆಗೆ ಸುಣ್ಣ ಬಳಿದವರು ಇದ್ದೀರಾ? ನಿಜವಾಗಿ ತಂಪಾಗುತ್ತಾ?

ಜೋಳದ ವಿಷಯ ಮಾತ್ರ ಬೇಗ ಹೇಳಿ. ಭಾನುವಾರ ನನ್ನ ತಮ್ಮ ಊರಿಂದ ಟ್ರ್ಯಾಕ್ಟರ್ ತರುತ್ತಾನೆ, ಅದರಲ್ಲೇ ಚೀಲ ಹಾಕಿಸಬೇಕು.