ಅಟ್ಟದ ಮೇಲಿನ ಕಪ್ಪು-ಬಿಳುಪು ಟಿವಿಯಲ್ಲಿ ಮತ್ತೆ ‘ಮಾಲ್ಗುಡಿ ಡೇಸ್’ ನೋಡಬಹುದೇ?

ತುಂಗಾತೀರ ಕೇಳಿದ ಪ್ರಶ್ನೆ:
ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ಎರಡು ಬದಿಗೆ ಸರಿಯುವ ಮರದ ಬಾಗಿಲುಗಳುಳ್ಳ ಕಪ್ಪು-ಬಿಳುಪು ಟಿವಿಯೊಂದು ಸುಮಾರು ಮೂವತ್ತು ಮಳೆಗಾಲಗಳಿಂದ ಕುಳಿತಿದೆ. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಅನ್ನು ನಾವು ನೋಡಿದ್ದು ಅದರಲ್ಲೇ. ಮನೆ ತಗ್ಗಿನಲ್ಲಿದ್ದುದರಿಂದ ಅಪ್ಪಯ್ಯ ಆಂಟೆನಾವನ್ನು ಹಿಂದಿನ ಗುಡ್ಡದ ನೆತ್ತಿಗೆ ಒಯ್ದು ಅಡಿಕೆ ದಬ್ಬೆಗೆ ಕಟ್ಟಿದ್ದರು. ಅವರು ಮೇಲಿಂದ ಕೇಳಿದ್ದನ್ನು ಮನೆಗೂ, ಮನೆಯವರು ಹೇಳಿದ್ದನ್ನು ಗುಡ್ಡಕ್ಕೂ ದಾಟಿಸಲು ನಾನು ತೋಟದ ನಡುವೆ ನಿಲ್ಲುತ್ತಿದ್ದೆ. ಈಗ ಎಂಬತ್ತು ದಾಟಿರುವ ಅಪ್ಪಯ್ಯನಿಗೆ ಆ ಧಾರಾವಾಹಿಯನ್ನು ಅದೇ ಪೆಟ್ಟಿಗೆಯಲ್ಲಿ ಇನ್ನೊಮ್ಮೆ ನೋಡುವ ಆಸೆಯಿದೆ. ಅದು ಸಾಧ್ಯವೇ?

ಹಳೇ ರಿಪೇರಿ ಕೈ:
ಸಾಧ್ಯವಿದೆ, ಆದರೆ ದಯವಿಟ್ಟು ಪರೀಕ್ಷೆಗೆಂದು ನೇರವಾಗಿ ಪ್ಲಗ್ ಹಾಕಬೇಡಿ. ಇಷ್ಟು ವರ್ಷ ಸುಮ್ಮನಿದ್ದ ಸೆಟ್ಟಿನಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಜೊತೆಗೆ ನಮ್ಮ ಮಲೆನಾಡಿನ ಥಂಡಿಗೆ ಬೋರ್ಡಿನ ಮೇಲೆ ಬೂಷ್ಟು ಕಟ್ಟಿದ್ದರೆ, ಪಿಕ್ಚರ್ ಟ್ಯೂಬಿಗೆ ಹೋಗುವ ಹತ್ತು ಸಾವಿರ ವೋಲ್ಟಿನಷ್ಟು ವಿದ್ಯುತ್ತು ಎಲ್ಲೆಲ್ಲಿಗೋ ಹಾರುತ್ತದೆ. ಆ ಟ್ಯೂಬು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಅನುಭವಸ್ಥರಿಂದಲೇ ಬಿಚ್ಚಿಸಿ, ಕೆಪಾಸಿಟರ್ ಬದಲಿಸಿ, ಮೊದಲ ಸಲ ಸೀರೀಸ್ ಬಲ್ಬಿನ (ವಿದ್ಯುತ್ ಹರಿವಿಗೆ ಮಿತಿ ಹಾಕಲು ಸಾಲಿನಲ್ಲಿ ಜೋಡಿಸುವ ಬಲ್ಬು) ಮೂಲಕವೇ ವಿದ್ಯುತ್ ಕೊಡಿಸಿ. ಗುಡ್ಡದ ಆಂಟೆನಾ ಈಗ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ದೂರದರ್ಶನದ ಹಳೆಯ ಅನಲಾಗ್ ಪ್ರಸಾರವೇ ನಿಂತಿದೆ. ಅದರ ಬದಲು ಡಿವಿಡಿ ಪ್ಲೇಯರಿಗೆ ಒಂದು ಆರ್‌ಎಫ್ ಮಾಡ್ಯುಲೇಟರ್ ಜೋಡಿಸಿದರೆ, ಅದು ಚಿತ್ರವನ್ನೂ ಧ್ವನಿಯನ್ನೂ 3 ಅಥವಾ 4ನೇ ಚಾನೆಲ್ಲಿನ ತರಂಗವಾಗಿಸಿ ಆಂಟೆನಾ ತೂತಿಗೇ ಕೊಡುತ್ತದೆ. ನಿಮ್ಮದು ಚಪ್ಪಟೆ ರಿಬ್ಬನ್ ವೈರಿನ ಸೆಟ್ಟಾಗಿದ್ದರೆ ನಡುವೆ 75ರಿಂದ 300 ಓಮ್‌ಗೆ ಹೊಂದಿಸುವ ಸಣ್ಣ ಬಾಲನ್ ಕೂಡ ಬೇಕು.

ಕೊಪ್ಪದ ಓದುಗ:
ಮಾಡ್ಯುಲೇಟರ್ ಸಿಗುವವರೆಗೆ ಅಪ್ಪಯ್ಯನವರನ್ನು ಅರಸಾಳು ರೈಲು ನಿಲ್ದಾಣಕ್ಕೆ ಕರೆದೊಯ್ಯಿರಿ. ಚಿತ್ರೀಕರಣ ನಡೆದ ಅಲ್ಲಿನ ಹಳೆಯ ಕಟ್ಟಡ ಈಗ ಮಾಲ್ಗುಡಿ ಸಂಗ್ರಹಾಲಯವಾಗಿದೆ. ಬಣ್ಣದಲ್ಲಿ ತೆಗೆದ ಆ ಧಾರಾವಾಹಿಯನ್ನು ನಾನೂ ಮೊದಲು ಕಂಡದ್ದು ಕಪ್ಪು-ಬಿಳುಪಿನಲ್ಲೇ. ಕಿಟಕಿಯಾಚೆ ಹಸಿರೇ ಹಸಿರಾಗಿದ್ದ ನಮ್ಮದೇ ಕಾಡು ಪರದೆಯ ಮೇಲೆ ಬೂದು ಬಣ್ಣದಲ್ಲಿದ್ದರೂ ಅದು ನಮಗೆ ಒಂದಿಷ್ಟೂ ಕಡಿಮೆಯೆನಿಸಿರಲಿಲ್ಲ. ಆಮೇಲೆ ಬಣ್ಣದಲ್ಲಿ ನೋಡಿದಾಗ, ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯ ಜಗಲಿ ನನ್ನ ನೆನಪಿನದಲ್ಲ ಎಂದೇ ತೋರಿತು.

ತುಂಗಾತೀರ:
ಇಬ್ಬರಿಗೂ ಕೃತಜ್ಞತೆಗಳು. ಶಿವಮೊಗ್ಗದಲ್ಲಿ ಹಳೆಯ ಸೆಟ್ಟುಗಳನ್ನು ಬಲ್ಲ ಒಬ್ಬರು ಮುಂದಿನ ವಾರ ಬರಲು ಒಪ್ಪಿದ್ದಾರೆ. ಪೆಟ್ಟಿಗೆಯ ಬಾಗಿಲಿಗೆ ಬೀಗವಿದ್ದುದು ನನಗೆ ಮರೆತೇಹೋಗಿತ್ತು. ಅದರ ಕೀಲಿಕೈ ಇಷ್ಟು ವರ್ಷವೂ ಅಪ್ಪಯ್ಯನ ಎಲೆಯಡಿಕೆ ಪೆಟ್ಟಿಗೆಯಲ್ಲೇ ಇತ್ತು.